ಮನೆಯ ಹೆಣ್ಣುಮಕ್ಕಳ ಆರೋಗ್ಯ ನಮ್ಮ ಅಮಾನತ್ತು
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಹಾಗೂ ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆಯಿರಲಿ.



ಹಿಜರಿ ಎರಡನೆಯ ವರ್ಷದ ರಮಝಾನ್. ಪ್ರವಾದಿವರ್ಯರು(ಸ) ಬದ್ರ್‌ಗೆ ಹೊರಟಿದ್ದರು. ಜೊತೆಗಿದ್ದವರು ಮುನ್ನೂರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಒಬ್ಬೊಬ್ಬರೂ ಬೇಕಾಗಿದ್ದ ಹೊತ್ತು ಅದು. ಆಗ ಪ್ರವಾದಿವರ್ಯರ ಮಗಳು, ಹಝ್ರತ್ ಉಸ್ಮಾನ್(ರ)ರ ಪತ್ನಿ ರುಖಯ್ಯ(ರ) ಕಾಯಿಲೆ ಬಿದ್ದಿದ್ದರು. ಪ್ರವಾದಿವರ್ಯರು ಉಸ್ಮಾನ್(ರ)ರನ್ನು ಯುದ್ಧಕ್ಕೆ ಕರೆದೊಯ್ಯಲಿಲ್ಲ. ಮದೀನದಲ್ಲೇ ಉಳಿದು ಪತ್ನಿಯ ಆರೈಕೆ ಮಾಡಲು ಹೇಳಿದರು. ಬದ್ರ್‌ನಲ್ಲಿ ಭಾಗವಹಿಸಿದವರ ಪುಣ್ಯವೂ ಪಾಲೂ ಅವರಿಗೆ ಉಂಟೆಂದು ತಿಳಿಸಿದರು. ರುಖಯ್ಯ(ರ) ಆ ಕಾಯಿಲೆಯಿಂದ ಏಳಲಿಲ್ಲ. ಆದರೆ ಅವರ ಹಾಸಿಗೆಯ ಪಕ್ಕದಲ್ಲಿ ಪತಿ ಇದ್ದರು.

ಬದ್ರ್‌ನಿಂದಲೇ ರಜೆ ಸಿಕ್ಕಿತು ಸಹೋದರರೇ. ನಮಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ರಜೆ ಸಿಗುವುದಿಲ್ಲ, ಚಿಂತಾಮಣಿಯ ಟೊಮೆಟೊ ಮಂಡಿಯಿಂದ ಸಿಗುವುದಿಲ್ಲ, ಅಂಗಡಿ ಬಿಟ್ಟು ಬರಲಾಗುವುದಿಲ್ಲ. ಮುರುಗಮಲ್ಲಕ್ಕೆ ಹೋಗಿಬರಲು ಒಂದು ದಿನ ಸಿಗುತ್ತದೆ, ತಾಲ್ಲೂಕು ಆಸ್ಪತ್ರೆಗೆ ಅರ್ಧ ದಿನ ಸಿಗುವುದಿಲ್ಲವೇ?

ನಿಮ್ಮನ್ನಷ್ಟೇ ಕೇಳುತ್ತಿಲ್ಲ. ನನ್ನದೇ ಒಂದು ತಪ್ಪನ್ನು ಇಂದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ರೀಲಿಂಗ್ ಕೆಲಸದ ಒಬ್ಬ ಸಹೋದರರು ಜುಮಾ ಮುಗಿದ ಮೇಲೆ ನೀರಿನ ಬಾಟಲಿ ತಂದು, 'ಹಝ್ರತ್, ಮನೆಯವಳಿಗೆ ಬಹಳ ಸುಸ್ತು, ದಮ್ ಮಾಡಿಕೊಡಿ' ಎಂದರು. ಓದಿ ಊದಿಕೊಟ್ಟೆ. ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ ಬಂದರು. ನಾಲ್ಕನೆಯ ಶುಕ್ರವಾರ ಬರಲಿಲ್ಲ. ಆ ಸಹೋದರಿ ಬಿಸಿನೀರಿನ ಬೇಸಿನ್ ಮುಂದೆಯೇ ಪ್ರಜ್ಞೆ ತಪ್ಪಿ ಬಿದ್ದಿದ್ದರು. ತಿಂಗಳುಗಟ್ಟಲೆ ಅತಿಯಾದ ಸ್ರಾವವಾಗುತ್ತಿತ್ತು. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ರಕ್ತ ಕೊಟ್ಟ ಮೇಲೆ ಅಲ್ಲಾಹನು ಉಳಿಸಿದನು. ಆದರೆ ಮೂರು ವಾರ ನಾನು 'ಡಾಕ್ಟರಿಗೆ ತೋರಿಸಿದಿರಾ?' ಎಂದು ಒಂದು ಮಾತು ಕೇಳಿರಲಿಲ್ಲ. ದುಆ ನಮ್ಮ ಅಸ್ತ್ರ, ನಿಜ. ಆದರೆ ಚಿಕಿತ್ಸೆ ಮಾಡಿಸಿಕೊಳ್ಳಿರೆಂದು ಆಜ್ಞಾಪಿಸಿದವರೂ ಅದೇ ಪ್ರವಾದಿವರ್ಯರು(ಸ). ಇಂದು ಯಾರೇ ಬಾಟಲಿ ತಂದರೂ ಮೊದಲು ಆಸ್ಪತ್ರೆಯ ಚೀಟಿ ಕೇಳುತ್ತೇನೆ, ಆಮೇಲೆ ಓದುತ್ತೇನೆ.

ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ತಿನ್ನುವವರು ಯಾರು ಎಂದು ನಿಮ್ಮ ಮನೆಯಲ್ಲೇ ನೋಡಿ.

ಮಗಳಿಂದಲೇ ಆರಂಭಿಸೋಣ. ಮುಟ್ಟು ಆರಂಭವಾದ ಹುಡುಗಿಗೆ ಮೊಟ್ಟೆ, ಸೊಪ್ಪು, ಕಾಳು, ರಾಗಿ ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಬಿಸಾಡಬೇಡಿರೆಂದು ಹೇಳಿ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ 9ರಿಂದ 14 ವರ್ಷ ಒಳ್ಳೆಯ ವಯಸ್ಸು, ವೈದ್ಯರನ್ನು ವಿಚಾರಿಸಿ. ಹದಿನೆಂಟು ತುಂಬದ ಮಗಳ ನಿಕಾಹ್ ಮಾಡುವುದು ಕಾನೂನಿಗೆ ವಿರುದ್ಧ, ಅವಳ ದೇಹಕ್ಕೂ ಅಪಾಯ.

ಬಸಿರಿನ ಕಷ್ಟದ ಮೇಲೆ ಕಷ್ಟವನ್ನು ಕುರ್‌ಆನ್ ಲುಕ್ಮಾನ್ ಅಧ್ಯಾಯದಲ್ಲಿ ನೆನಪಿಸುತ್ತದೆ. ಹಝ್ರತ್ ಮರ್ಯಮ್(ಅ)ರ ಹೆರಿಗೆ ನೋವಿನ ವೇಳೆ ಅಲ್ಲಾಹನು ನೀರನ್ನೂ ಖರ್ಜೂರವನ್ನೂ ಒದಗಿಸಿದನು. ಸೊಸೆ ಬಸಿರಾದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಮಾಡಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ಉಚಿತ ತಪಾಸಣೆ ಇರುತ್ತದೆ. 2011ರಿಂದ ಜನನಿ ಶಿಶು ಸುರಕ್ಷಾ ಯೋಜನೆಯಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಸಹಿತ, ಔಷಧಿ, ಊಟ, ವಾಹನ ಎಲ್ಲವೂ ಉಚಿತ. ಕಬ್ಬಿಣದ ಮಾತ್ರೆ ಬಸಿರಿನಲ್ಲಿ 180 ದಿನ, ಹೆತ್ತ ಮೇಲೆ 180 ದಿನ. ಅದನ್ನು ಚಹಾದೊಂದಿಗೆ ನುಂಗಿದರೆ ಪ್ರಯೋಜನ ಕಡಿಮೆ, ನಿಂಬೆಹಣ್ಣಿನ ಪಾನಕದೊಂದಿಗೆ ಒಳ್ಳೆಯದು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖದ ಊತ, ರಕ್ತಸ್ರಾವ, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗುವವರೆಗೆ ಕಾಯದೆ 108ಕ್ಕೆ ಫೋನ್ ಮಾಡಿ. ಉಪವಾಸದಿಂದ ತನಗೋ ಮಗುವಿಗೋ ತೊಂದರೆಯಾಗುವ ಭಯವಿದ್ದರೆ ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ಶರೀಅತ್ ರಿಯಾಯಿತಿ ಕೊಟ್ಟಿದೆ. ಅಲ್ಲಾಹನೇ ಕೊಟ್ಟ ಸವಲತ್ತನ್ನು ಅತ್ತೆ ಮನೆಯವರು ಕಿತ್ತುಕೊಳ್ಳಬಾರದು.

ಚಿಲ್ಲಾದ ನಲವತ್ತು ದಿನ ಬಾಣಂತಿಗೆ ನೀರು, ಹಣ್ಣು, ತರಕಾರಿ ನಿಲ್ಲಿಸಬೇಡಿ. ಅವಳು ಸದಾ ಅಳುತ್ತಿದ್ದರೆ, ನಿದ್ದೆ ಬಾರದಿದ್ದರೆ, ಮಗುವನ್ನು ಮುಟ್ಟಲೂ ಮನಸ್ಸಿಲ್ಲದಿದ್ದರೆ 'ಸಾಯಾ ಬಡಿದಿದೆ' ಎಂದು ತೀರ್ಮಾನಿಸಬೇಡಿ. ಅದು ಚಿಕಿತ್ಸೆಯಿರುವ ಕಾಯಿಲೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಉಚಿತವಾಗಿ ಮಾತನಾಡುತ್ತಾರೆ.

ಗೌರಿಬಿದನೂರಿನ ಕಡೆ ಗಾರ್ಮೆಂಟ್ಸಿಗೆ ಹೋಗುವ ಸಹೋದರಿಯರು ಶೌಚಾಲಯದ ಚಿಂತೆಯಿಂದ ದಿನವಿಡೀ ನೀರೇ ಕುಡಿಯುವುದಿಲ್ಲ. ಇದರಿಂದ ಮೂತ್ರದ ಸೋಂಕು ಬರುತ್ತದೆ. ಮೂವತ್ತು ದಾಟಿದವರಿಗೆ ಬಿ.ಪಿ., ಶುಗರ್, ಸ್ತನ ಮತ್ತು ಗರ್ಭಕಂಠದ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಾಡಿಸಬಹುದು. ಎದೆಯಲ್ಲಿ ಗಂಟು ಕಂಡರೆ ನೋವಿಲ್ಲವೆಂದು ಬಿಡಬೇಡಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಅಂದೇ ತೋರಿಸಿ. ನಮ್ಮ ಅಮ್ಮಿ, ದಾದಿಯರ ಮಂಡಿನೋವನ್ನು ವಯಸ್ಸೆಂದು ತಳ್ಳಿಬಿಡುತ್ತೇವೆ. ಈ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದ್ದು, ಅದು ಮೂಳೆಗಳನ್ನು ಕೆಡಿಸುತ್ತದೆ. ಮನೆಯವರೆಲ್ಲ ಶುದ್ಧೀಕರಿಸಿದ ನೀರು ಕುಡಿಯಿರಿ.

'ಪರ್ದಾ ಇದೆ, ಹೇಗೆ ತೋರಿಸುವುದು?' ಎನ್ನುವವರಿದ್ದಾರೆ. ಮಹಿಳಾ ವೈದ್ಯೆ ಸಿಕ್ಕರೆ ಅವರಿಗೇ ತೋರಿಸಿ. ಸಿಗದಿದ್ದಾಗ ಅಗತ್ಯವಿರುವಷ್ಟು ಪುರುಷ ವೈದ್ಯರಿಗೂ ತೋರಿಸಬಹುದೆಂದು ಫುಕಹಾಗಳು ಹೇಳಿದ್ದಾರೆ. ಅನ್ಸಾರಿ ಮಹಿಳೆಯರು ಮುಟ್ಟಿನ ವಿಷಯವನ್ನು ಪ್ರವಾದಿವರ್ಯರಲ್ಲೇ(ಸ) ಕೇಳಿ ತಿಳಿದರು. ಹಝ್ರತ್ ಆಯಿಶಾ(ರ) ಅದಕ್ಕಾಗಿ ಅವರನ್ನು ಹೊಗಳಿದರು. ರುಫೈದಾ(ರ) ಎಂಬ ಮಹಿಳೆ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದ ಡೇರೆ ಇದ್ದದ್ದು ಪ್ರವಾದಿವರ್ಯರ ಮಸೀದಿಯಲ್ಲೇ. ಬೆಂಗಳೂರಿನ ಶಿವಾಜಿನಗರದ ಘೋಷಾ ಆಸ್ಪತ್ರೆ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ಹೆಸರಿನಲ್ಲಿದೆ. ಪರ್ದಾದ ಹೆಂಗಸರು ಚಿಕಿತ್ಸೆಯಿಲ್ಲದೆ ನರಳಬಾರದೆಂದು ಆ ದಾನಿ ಹಣ ಕೊಟ್ಟರು. ನಮ್ಮ ಹಿರಿಯರು ಪರ್ದಾವನ್ನು ಬಾಗಿಲು ಮುಚ್ಚಲು ಬಳಸಲಿಲ್ಲ, ಅದಕ್ಕಾಗಿ ಆಸ್ಪತ್ರೆಯನ್ನೇ ಕಟ್ಟಿದರು.

ಇಂದು ಮನೆಗೆ ಹೋಗಿ ಊಟಕ್ಕೆ ಕೂರುವ ಮೊದಲು ಒಂದು ಪ್ರಶ್ನೆ ಕೇಳಿ: 'ನಿನ್ನ ಆರೋಗ್ಯ ಹೇಗಿದೆ?' 'ಏನಿಲ್ಲ ಬಿಡಿ' ಎಂದರೆ ಎರಡನೆಯ ಸಲ ಕೇಳಿ. ಈ ವಾರದಲ್ಲಿ ಒಂದು ದಿನ ನೀವೇ ಜೊತೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ರಕ್ತದ ಗುಂಪು ಹೊಂದುವ ಯುವಕರು ಮಸೀದಿಯಲ್ಲಿ ಹೆಸರು ಬರೆಸಿ; ಯಾವುದೋ ರಾತ್ರಿ ಯಾವುದೋ ತಾಯಿಗೆ ಬೇಕಾದೀತು.

ಅಲ್ಲಾಹನು ನಮ್ಮ ತಾಯಂದಿರಿಗೆ, ಪತ್ನಿಯರಿಗೆ, ಸಹೋದರಿಯರಿಗೆ, ಹೆಣ್ಣುಮಕ್ಕಳಿಗೆ ಶಿಫಾ ಕರುಣಿಸಲಿ. ಅವರ ವಿಷಯದಲ್ಲಿ ನಮ್ಮ ಅಲಕ್ಷ್ಯವನ್ನು ಕ್ಷಮಿಸಲಿ. ಆಮೀನ್.