ಗಿರಾಕಿಯ ಹೆಸರು ಯಾರ ಖಾತೆಯಲ್ಲಿ?

ಅಂತರಜಾಲದ ಸಣ್ಣ ವ್ಯಾಪಾರವೆಂದು ಅಧ್ಯಯನಗಳು ಒಂದೇ ಹೆಸರಿನಿಂದ ಕರೆಯುವ ಸಂಗತಿ ವಾಸ್ತವವಾಗಿ ಎರಡು. ತಯಾರಿಸಿದ ಸರಕನ್ನು ದೊಡ್ಡದೊಂದು ಮಾರಾಟ ವೇದಿಕೆಯಲ್ಲಿ, ಅಂದರೆ ಸಾವಿರಾರು ಮಾರುವವರನ್ನೂ ಲಕ್ಷಾಂತರ ಕೊಳ್ಳುವವರನ್ನೂ ಒಂದೆಡೆ ತಂದು ನಡುವೆ ಕಮಿಷನ್ ಪಡೆಯುವ ಸಂಸ್ಥೆಯ ತಾಣದಲ್ಲಿ, ಪಟ್ಟಿಮಾಡಿ, ಬಂದ ಆರ್ಡರನ್ನು ಕಟ್ಟಿ ಕಳುಹಿಸುವುದು ಒಂದು ಬಗೆ. ಫೋನು, ವಾಟ್ಸಾಪ್ ಅಥವಾ ಸ್ವಂತ ಜಾಲತಾಣದ ಆಸರೆಯಿಂದ ಗಿರಾಕಿಯನ್ನು ತಾನೇ ಹುಡುಕಿಕೊಂಡು, ತಾನೇ ಉಳಿಸಿಕೊಂಡು ಮಾರುವುದು ಇನ್ನೊಂದು ಬಗೆ. ಎರಡರಲ್ಲೂ ಕೈಯಲ್ಲಿರುವ ಫೋನು ಒಂದೇ, ಪೆಟ್ಟಿಗೆ ಒಯ್ಯುವ ಕೊರಿಯರ್ ಹುಡುಗನೂ ಎಷ್ಟೋ ಸಲ ಒಬ್ಬನೇ. ಆದರೆ ಮೊದಲನೆಯದರಲ್ಲಿ ಗಿರಾಕಿಯ ಹೆಸರು, ವಿಳಾಸ, ಅಭಿರುಚಿ, ಹಿಂದೆ ಕೊಂಡದ್ದರ ಲೆಕ್ಕ ಎಲ್ಲವೂ ವೇದಿಕೆಯ ಖಾತೆಯಲ್ಲಿರುತ್ತವೆ, ಎರಡನೆಯದರಲ್ಲಿ ವ್ಯಾಪಾರಿಯ ಖಾತೆಯಲ್ಲಿರುತ್ತವೆ. ಈ ವ್ಯತ್ಯಾಸವನ್ನು ಬದಿಗಿಟ್ಟು, ಎಷ್ಟು ಮಂದಿ ವೇದಿಕೆ ಸೇರಿದರು ಎಂಬ ಎಣಿಕೆಯನ್ನೇ ಯಶಸ್ಸಿನ ಅಳತೆಯೆಂದು ಹಿಡಿದದ್ದರಿಂದ ಈ ಅಧ್ಯಯನ ಕ್ಷೇತ್ರ ದಾರಿ ತಪ್ಪಿದೆ ಎಂಬುದು ಈ ಆಶಯ ಭಾಷಣದ ನಿಲುವು.

ವಿಚಾರ ಸಂಕಿರಣವನ್ನು ಕನ್ನಡದಲ್ಲಿಯೇ ನಡೆಸಲು ನಿರ್ಧರಿಸಿದ ಸಂಘಟಕರಿಗೆ ಕೃತಜ್ಞತೆ ಸಲ್ಲಬೇಕು. ಅದು ಬರಿಯ ಔಪಚಾರಿಕ ಕೃತಜ್ಞತೆಯಲ್ಲ, ಏಕೆಂದರೆ ಇಲ್ಲಿ ಬೇಕಾಗಿರುವ ಪರಿಕಲ್ಪನೆ ಕನ್ನಡದ ಬೀದಿಯಲ್ಲೇ ಇದೆ. ಹಳೆಯ ಮೈಸೂರು ಸೀಮೆಯಲ್ಲಿ ಹಾಲು, ಹೂವು ತಂದುಕೊಡುವವರಿಗೂ ಕೊಳ್ಳುವ ಮನೆಗಳಿಗೂ ನಡುವೆ ಇರುವ ನಿತ್ಯದ ಕೊಡುಕೊಳ್ಳುವಿಕೆಗೆ 'ವರ್ತನೆ' ಎಂಬ ಮಾತು ಬಳಕೆಯಲ್ಲಿದೆ. ವರ್ತನೆಯ ಹೂವಿನವಳು ಶುಕ್ರವಾರ ಒಂದು ಮೊಳ ಹೆಚ್ಚು ಬೇಕೆಂದು ತಿಳಿದಿರುತ್ತಾಳೆ, ಮನೆಯವರು ಊರಿನಲ್ಲಿಲ್ಲದ ದಿನ ಬಾಗಿಲು ತಟ್ಟುವುದಿಲ್ಲ, ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಾಳೆ. ಉತ್ತರ ಕರ್ನಾಟಕದ ಅಂಗಡಿಗಳಲ್ಲಿ ಇದೇ ಸಂಬಂಧ 'ಖಾಯಂ ಗಿರಾಕಿ' ಮತ್ತು 'ಉದ್ರಿ' ಎಂಬ ಮಾತುಗಳಲ್ಲಿ ಅಡಗಿದೆ. ಪ್ರತಿ ಮಾರಾಟವನ್ನೂ ಹೊಸದಾಗಿ ಗೆಲ್ಲಬೇಕಾದ ವ್ಯಾಪಾರಕ್ಕೂ ಹಿಂದಿನ ಮಾರಾಟವೇ ಮುಂದಿನದನ್ನು ತರುವ ವ್ಯಾಪಾರಕ್ಕೂ ಇರುವ ಅಂತರವನ್ನು 'ವರ್ತನೆ' ಎಂಬ ಒಂದು ಶಬ್ದ ಹಿಡಿದಿಡುತ್ತದೆ.

ಈ ವಿಷಯದ ಸಾಹಿತ್ಯವನ್ನು ಕ್ರಮವಾಗಿ ಪರಿಚಯಿಸಬೇಕಾದ ಅಗತ್ಯ ಇಲ್ಲಿ ಕಡಿಮೆ, ಏಕೆಂದರೆ ಮುಂದಿನ ಸಾಲುಗಳಲ್ಲಿ ಕುಳಿತಿರುವ ಹಿರಿಯ ಅಧ್ಯಾಪಕರಲ್ಲಿ ಹಲವರು ಅದನ್ನು ತಮ್ಮ ತರಗತಿಗಳಲ್ಲಿ ವರ್ಷಗಟ್ಟಲೆ ಬೋಧಿಸಿದವರು. ಕೊಳ್ಳುವವನಿಗೆ ಸರಕಿನ ಗುಣ ತಿಳಿಯದಿದ್ದರೆ ಕೆಟ್ಟ ಸರಕು ಒಳ್ಳೆಯದನ್ನು ಸಂತೆಯಿಂದ ಓಡಿಸುತ್ತದೆ ಎಂದು 1970ರಲ್ಲಿ ಜಾರ್ಜ್ ಅಕರ್‌ಲಾಫ್ ತೋರಿಸಿದ್ದು, ಎರಡು ಕಡೆಯ ಜನರನ್ನು ಕೂಡಿಸುವ ವೇದಿಕೆ ಯಾವ ಕಡೆಯಿಂದ ಎಷ್ಟು ವಸೂಲು ಮಾಡುತ್ತದೆ ಎಂಬುದನ್ನು 2003ರಲ್ಲಿ ರೋಶೆ ಮತ್ತು ತಿರೋಲ್ ವಿವರಿಸಿದ್ದು, ಅಂಗಡಿಯ ಕಪಾಟಿನ ಮಿತಿ ಇಲ್ಲದ ಅಂತರಜಾಲದಲ್ಲಿ ಅಪರೂಪದ ಸರಕಿಗೂ ಕಾಲ ಬಂತೆಂದು 2004ರಲ್ಲಿ ಕ್ರಿಸ್ ಆ್ಯಂಡರ್ಸನ್ 'ಉದ್ದ ಬಾಲ'ದ ವಾದ ಹೂಡಿದ್ದು ಎಲ್ಲರಿಗೂ ತಿಳಿದದ್ದೇ. ಮೊಬೈಲ್ ಬಂದ ಮೇಲೆ ಕೇರಳದ ಕರಾವಳಿಯ ಮೀನು ಮಾರುಕಟ್ಟೆಗಳಲ್ಲಿ ದರದ ಏರುಪೇರು ಇಳಿಯಿತೆಂದು ತೋರಿಸಿದ ರಾಬರ್ಟ್ ಜೆನ್ಸನ್ ಅವರ 2007ರ ಅಧ್ಯಯನ ಸುಂದರವಾದದ್ದು. ಆದರೆ ಅದರಿಂದ ಹೊರಟ ಸಾಮಾನ್ಯ ತೀರ್ಮಾನ, ಅಂದರೆ ಮಾಹಿತಿ ಸಿಕ್ಕಿದರೆ ಸಣ್ಣವನು ಗೆದ್ದ ಎಂಬುದು, ದುಡುಕಿನದು. ಒಂದು ಬುಟ್ಟಿ ಬೂತಾಯಿ ಇನ್ನೊಂದು ಬುಟ್ಟಿ ಬೂತಾಯಿಯಂತೆಯೇ ಇರುವುದರಿಂದ ಮೀನುಗಾರನಿಗೆ ಯಾವ ದಡದಲ್ಲಿ ದರ ಎಷ್ಟೆಂದು ತಿಳಿದರೆ ಸಾಕು. ಕೈಯಿಂದ ಮಾಡಿದ ಸರಕಿಗೆ ಅಷ್ಟು ಸಾಲದು. ಇವರೆಲ್ಲರಿಗಿಂತ ಇಂದಿನ ವಿಷಯಕ್ಕೆ ಹತ್ತಿರದವರು ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್. ಮೊರಾಕ್ಕೊ ದೇಶದ ಸೆಫ್ರು ಪಟ್ಟಣದ ಸಂತೆಯನ್ನು ಕುರಿತು 1978ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು, ಮಾಹಿತಿ ದುರ್ಲಭವಾಗಿರುವ ಕಡೆ ಜನ ಇಡೀ ಸಂತೆಯನ್ನು ಜಾಲಾಡುವ ಬದಲು ಒಬ್ಬನೇ ವ್ಯಾಪಾರಿಯ ಬಳಿ ಮತ್ತೆ ಮತ್ತೆ ಹೋಗಿ ಸಂಬಂಧ ಬೆಳೆಸಿಕೊಳ್ಳುತ್ತಾರೆ ಎಂದು ಗುರುತಿಸಿದರು. ಹಾಲಿನವಳೂ ಹೂವಿನವಳೂ ಅಷ್ಟು ಹೊತ್ತಿಗೆ ಬಹುಕಾಲದಿಂದ ಬಲ್ಲ ಸಂಗತಿ ಅದು.

ದೂರದ ಗಿರಾಕಿಯೊಡನೆ ವರ್ತನೆ ಸಾಧ್ಯವೇ ಎಂಬ ಪ್ರಶ್ನೆ ಅಂತರಜಾಲದೊಂದಿಗೆ ಹುಟ್ಟಿದ್ದಲ್ಲ. ಭಾರತದ ಅಂಚೆ ಇಲಾಖೆ 1877ರಲ್ಲಿ ವಿ.ಪಿ.ಪಿ. ಪದ್ಧತಿಯನ್ನು, ಅಂದರೆ ಅಂಚೆಯವನು ಪೊಟ್ಟಣ ತಲುಪಿಸಿ ಹಣ ವಸೂಲು ಮಾಡಿ ಕಳುಹಿಸಿದವನಿಗೆ ಮುಟ್ಟಿಸುವ ವ್ಯವಸ್ಥೆಯನ್ನು, ಆರಂಭಿಸಿತು. ಕನ್ನಡದ ಪುಸ್ತಕಗಳು, ಪಂಚಾಂಗಗಳು, ಔಷಧಿಗಳು ಈ ದಾರಿಯಲ್ಲಿ ಹಳ್ಳಿಹಳ್ಳಿಗೆ ಹೋದವು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಾಲದಿಂದ, 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ಪುಸ್ತಕ ಹೊರತರುವ ಹಂತಕ್ಕೆ ಕನ್ನಡದ ಸಣ್ಣ ವ್ಯಾಪಾರ ನಡೆದು ಬಂದದ್ದನ್ನು ಸಾಹಿತ್ಯ ಚರಿತ್ರೆ ದಾಖಲಿಸಿದೆ, ವಾಣಿಜ್ಯ ಚರಿತ್ರೆ ದಾಖಲಿಸಿಲ್ಲ. ಚಂದಾದಾರರ ಪಟ್ಟಿ ಎಂಬುದು ಪ್ರಕಾಶಕನ ನಿಜವಾದ ಬಂಡವಾಳ. ಅಂಚೆಯವನು ಪೊಟ್ಟಣ ಒಯ್ದನೇ ಹೊರತು ಆ ಪಟ್ಟಿಯನ್ನು ತನ್ನದೆನ್ನಲಿಲ್ಲ.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಅಂತರಜಾಲ ಒದಗಿಸಿದ್ದು, 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಾಟದಿಂದ ಶುರುವಾದದ್ದು, 2010ರಲ್ಲಿ ಅದು ಮನೆಬಾಗಿಲಲ್ಲಿ ಹಣ ಪಡೆಯುವ ಪದ್ಧತಿಯನ್ನು ತಂದದ್ದು, 2016ರಲ್ಲಿ ಯುಪಿಐ ಬಂದದ್ದು, ಇವೆಲ್ಲ ಪರಿಚಿತ ಮೈಲಿಗಲ್ಲುಗಳು. ಮನೆಬಾಗಿಲ ಹಣ ವಿ.ಪಿ.ಪಿ.ಯ ಮೊಮ್ಮಗುವೆಂದು ಹೇಳುವುದು ಸರಿಯಾದೀತು, ಆದರೆ ಒಂದು ತಿದ್ದುಪಡಿಯೊಂದಿಗೆ: ಈ ಸಲ ಪೊಟ್ಟಣ ಒಯ್ಯುವ ವ್ಯವಸ್ಥೆಯೇ ವಿಳಾಸದ ಪಟ್ಟಿಯನ್ನೂ ಇಟ್ಟುಕೊಂಡಿತು. ವೇದಿಕೆಗಳು ಗಿರಾಕಿಯ ಫೋನ್ ಸಂಖ್ಯೆಯನ್ನು ಮಾರಾಟಗಾರನಿಂದ ಮರೆಮಾಡುತ್ತವೆ, ಪೆಟ್ಟಿಗೆಯೊಳಗೆ ಸ್ವಂತ ಜಾಹೀರಾತಿನ ಚೀಟಿ ಇಡುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತವೆ. ಕೊಳ್ಳುವವರ ಖಾಸಗಿತನದ ದೃಷ್ಟಿಯಿಂದ ಇದಕ್ಕೆ ಸಮರ್ಥನೆ ಇದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ವರ್ಷಗಟ್ಟಲೆ ದುಡಿದ ಮೇಲೂ ಮಾರುವವನಿಗೆ ಒಬ್ಬ ಗಿರಾಕಿಯ ಪರಿಚಯವೂ ಆಗದಿರುವುದು ಅದೇ ನಿಯಮದ ಇನ್ನೊಂದು ಮುಖ.

ಈ ಮಾತನ್ನು ಹತ್ತಿರದಿಂದ ನೋಡಲು ಶಿರಸಿ, ಸಾಗರ ಸೀಮೆಯ ಅಪ್ಪೆಮಿಡಿ ಉಪ್ಪಿನಕಾಯಿಯಷ್ಟು ಒಳ್ಳೆಯ ಉದಾಹರಣೆ ದೊರೆಯಲಾರದು. ಹೊಳೆದಂಡೆಯ ಮರಗಳಿಂದ, ಗೊರಟು ಬಲಿಯುವ ಮೊದಲೇ, ತೊಟ್ಟು ಮುರಿಯದಂತೆ ಇಳಿಸಿದ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟು, ಅದು ನೀರು ಬಿಟ್ಟು ಮೈ ಸುಕ್ಕಾದ ಮೇಲೆ ಸಾಸಿವೆ ಮತ್ತು ಮೆಣಸಿನ ಖಾರ ಕೂಡಿಸುತ್ತಾರೆ. ತೊಟ್ಟಿನ ಸೊನೆಯಲ್ಲಿರುವ ಪರಿಮಳವೇ ಅದರ ಜೀವಾಳ. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಈ ಮಿಡಿಯಲ್ಲಿ ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಎಂದು ಒಂದೊಂದು ಪರಿಮಳಕ್ಕೆ ಒಂದೊಂದು ಹೆಸರಿದ್ದರೂ ವೇದಿಕೆಯ ವರ್ಗೀಕರಣದಲ್ಲಿ ಅವೆಲ್ಲವೂ 'ಮಾವಿನ ಉಪ್ಪಿನಕಾಯಿ' ಎಂಬ ಒಂದೇ ಗೂಡಿಗೆ ಬಿದ್ದು, ಕಾರ್ಖಾನೆಯ ಬಾಟಲಿಯ ಪಕ್ಕದಲ್ಲಿ ದರದ ಪೈಪೋಟಿಗೆ ನಿಲ್ಲಬೇಕಾಗುತ್ತದೆ. ಅರ್ಧ ಕಿಲೋ ಉಪ್ಪಿನಕಾಯಿ ಡಬ್ಬಿಯ ತೂಕ ಸೇರಿ ಅರ್ಧ ಕಿಲೋ ದಾಟಿದೊಡನೆ ಐನೂರು ಗ್ರಾಂ ಲೆಕ್ಕದಲ್ಲಿ ಏರುವ ಕೊರಿಯರ್ ದರ ಮುಂದಿನ ಮೆಟ್ಟಿಲಿಗೆ ಹೋಗುವುದರಿಂದ, ನಾಲ್ಕುನೂರು ಗ್ರಾಂ ತುಂಬಿದರೆ ಲಾಭ, ಅರ್ಧ ಕಿಲೋ ತುಂಬಿದರೆ ನಷ್ಟ ಎಂಬ ಸ್ಥಿತಿ ಬರುತ್ತದೆ.

ಈ ಉಪ್ಪಿನಕಾಯಿ ಹಾಕುವ ಮನೆಯೊಂದರ ಗೃಹಿಣಿ ಎರಡು ಋತು ವೇದಿಕೆಯೊಂದರಲ್ಲಿ ಮಾರಿದರು; ಮಳೆಗಾಲದ ಸಾಗಾಟದಲ್ಲಿ ಡಬ್ಬಿಗಳು ಸೋರಿ, ಸರಕು ವಾಪಸಾಗಿ, ನಕ್ಷತ್ರಗಳ ಅಂಕ ಇಳಿದು, ಕೊನೆಗೆ ಖಾತೆಯೇ ಸ್ಥಗಿತವಾಯಿತು. ವಿವರಣೆ ಕೊಡಲು ಎದುರಿಗೆ ಒಬ್ಬ ಮನುಷ್ಯನೂ ಸಿಗಲಿಲ್ಲ, ಎರಡು ಋತುಗಳ ಗಿರಾಕಿಗಳಲ್ಲಿ ಒಬ್ಬರ ಹೆಸರೂ ಅವರ ಬಳಿ ಉಳಿದಿರಲಿಲ್ಲ. ಉಳಿದದ್ದು ಅದಕ್ಕೂ ಹಿಂದಿನ ಒಂದು ಶಾಲಾ ನೋಟುಬುಕ್ಕು. ಅದರಲ್ಲಿ ಊರಿನ ಹೆಸರು, ಎಷ್ಟು ಕಿಲೋ, ಅದರ ಮುಂದೆ ಒಂದೊಂದು ಮಾತು: 'ಖಾರ ಕಮ್ಮಿ', 'ಜೀರಿಗೆ ಮಿಡಿ ಮಾತ್ರ', 'ಯುಗಾದಿ ಒಳಗೆ', 'ಅತ್ತೆಗೆ ಹಲ್ಲಿಲ್ಲ, ಸಣ್ಣ ಮಿಡಿ'. ಮರುವರ್ಷದ ವ್ಯಾಪಾರ ಆ ಪುಸ್ತಕದಿಂದ ಎದ್ದಿತು. ಮರ ಹೂ ಬಿಟ್ಟಾಗಲೇ ವಾಟ್ಸಾಪಿನಲ್ಲಿ ಸುದ್ದಿ ಹೋಗಿ, ಮಿಡಿ ಇಳಿಸುವ ಮೊದಲೇ ಮುಂಗಡ ಬಂದು, ಎಷ್ಟು ಹಾಕಬೇಕೆಂಬುದು ಮೊದಲೇ ನಿಗದಿಯಾಯಿತು. ಕೊಳ್ಳುವವರ ಬಗ್ಗೆ ವೇದಿಕೆ ಅಸಂಖ್ಯ ಅಂಶಗಳನ್ನು ಕೂಡಿಡುತ್ತದೆ ನಿಜ, ಆದರೆ ಅತ್ತೆಗೆ ಹಲ್ಲಿಲ್ಲವೆಂಬ ವಿಷಯ ಅದಕ್ಕೆ ತಿಳಿಯುವ ದಾರಿಯಿಲ್ಲ, ತಿಳಿದರೂ ಮಿಡಿ ಆರಿಸುವ ಕೈಗೆ ಅದು ಮುಟ್ಟುವುದಿಲ್ಲ.

ಇಲ್ಲಿಗೆ ವಾದ ಮುಗಿದಿದ್ದರೆ ಸುಲಭವಿತ್ತು. ಅದೇ ನೋಟುಬುಕ್ಕನ್ನು ಮತ್ತೊಮ್ಮೆ ಮೊದಲಿನಿಂದ ಓದಿದರೆ, ಮೊದಲ ಪುಟಗಳ ಹೆಸರುಗಳೆಲ್ಲ ನಂಟರದು, ನಂಟರ ನೆರೆಯವರದು, ಬೆಂಗಳೂರಿಗೂ ಅಮೆರಿಕಕ್ಕೂ ಹೋಗಿ ನೆಲೆಸಿದ ಅದೇ ಸೀಮೆಯ, ಬಹುಪಾಲು ಅದೇ ಸಮುದಾಯದ ಜನರದು ಎಂಬುದು ಕಾಣುತ್ತದೆ. ವರ್ತನೆ ನಂಬಿಕೆಯಿಂದ ಹುಟ್ಟುತ್ತದೆ, ನಂಬಿಕೆ ಪರಿಚಯದಿಂದ ಹುಟ್ಟುತ್ತದೆ, ಪರಿಚಯವಾದರೋ ನಮ್ಮ ಸಮಾಜದಲ್ಲಿ ಜಾತಿ ಮತ್ತು ನೆಂಟಸ್ತಿಕೆಯ ಕಾಲುವೆಗಳಲ್ಲೇ ಹರಿಯುತ್ತದೆ. ಅಡುಗೆಯ ಪದಾರ್ಥದಲ್ಲಿ ಇದು ಇನ್ನೂ ಬಿಗಿ, ಏಕೆಂದರೆ ಯಾರ ಮನೆಯಲ್ಲಿ ಮಾಡಿದ್ದು ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದವರೂ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಾರೆ. ನಗರದಲ್ಲಿ ನಂಟರಿಲ್ಲದ, ವಿದೇಶದಲ್ಲಿ ತನ್ನವರಿಲ್ಲದ ಒಬ್ಬ ದಲಿತ ಹೆಣ್ಣುಮಗಳು ಅಷ್ಟೇ ರುಚಿಯಾದ ಉಪ್ಪಿನಕಾಯಿ ಹಾಕಿದರೆ ಅವಳ ನೋಟುಬುಕ್ಕಿನ ಮೊದಲ ಪುಟವನ್ನು ತುಂಬುವವರು ಯಾರು? ಮಾರುವವಳು ಯಾರ ಮನೆಯವಳೆಂಬುದನ್ನು ವೇದಿಕೆ ಲೆಕ್ಕಿಸುವುದಿಲ್ಲ. ಆ ಉದಾಸೀನವೇ ಅವಳ ಪಾಲಿಗೆ ತೆರೆದ ಬಾಗಿಲಾಗಬಹುದು. ಹಾಗಿದ್ದರೆ ಅಪರಿಚಿತರನ್ನು ತಂದುಕೊಡುವ ವೇದಿಕೆ ಅವರನ್ನು ಪರಿಚಿತರಾಗಲು ಬಿಡುವುದಿಲ್ಲ, ಪರಿಚಿತರನ್ನು ಉಳಿಸಿಕೊಡುವ ವರ್ತನೆ ಅಪರಿಚಿತರನ್ನು ಒಳಗೆ ತರುವುದಿಲ್ಲ. ಮೊದಲನೆಯದರಿಂದ ಎರಡನೆಯದಕ್ಕೆ ದಾಟುವ ದಾರಿ ಯಾವುದೆಂಬ ಪ್ರಶ್ನೆ ಬಹುಕಾಲದಿಂದ ಕಾಡುತ್ತಿದೆ, ಉತ್ತರ ಇನ್ನೂ ದೊರೆತಿಲ್ಲ.

ಸರ್ಕಾರದ ಪ್ರಯತ್ನಗಳು ಈ ಪ್ರಶ್ನೆಯ ಅಂಚನ್ನು ಮುಟ್ಟಿ ಹಿಂದಿರುಗಿವೆ. 2021ರ ಡಿಸೆಂಬರ್ ಕೊನೆಯಲ್ಲಿ ಸ್ಥಾಪನೆಯಾದ ಓಎನ್‌ಡಿಸಿ, ಕೊಳ್ಳುವವರ ಆ್ಯಪ್ ಒಂದು, ಮಾರುವವರ ಆ್ಯಪ್ ಇನ್ನೊಂದು ಆಗಿದ್ದರೂ ವ್ಯವಹಾರ ನಡೆಯುವಂತೆ ಮಾಡುವ ಮುಕ್ತ ಜಾಲ. ಒಂದೇ ಸಂಸ್ಥೆಯ ಹಿಡಿತವನ್ನು ಸಡಿಲಿಸುವ ಅದರ ಉದ್ದೇಶ ಮೆಚ್ಚತಕ್ಕದ್ದು, ಆದರೆ ಗಿರಾಕಿಯ ಸಂಬಂಧ ಅಲ್ಲಿಯೂ ಕೊಳ್ಳುವವರ ಆ್ಯಪಿನ ಕೈಯಲ್ಲೇ ಉಳಿಯುತ್ತದೆ. ತೆರಿಗೆಯ ಮಿತಿಯೊಳಗಿನ ಸಣ್ಣ ವ್ಯಾಪಾರಿ ಜಿಎಸ್‌ಟಿ ನೋಂದಣಿ ಇಲ್ಲದೆಯೂ ವೇದಿಕೆಯಲ್ಲಿ ಮಾರಬಹುದೆಂಬ ರಿಯಾಯಿತಿ 2023ರ ಅಕ್ಟೋಬರ್ 1ರಿಂದ ಬಂದಿದೆಯಾದರೂ ಅದು ರಾಜ್ಯದ ಗಡಿಯೊಳಗಿನ ಮಾರಾಟಕ್ಕೆ ಮಾತ್ರ. ಹೀಗಾಗಿ ಶಿರಸಿಯ ಉಪ್ಪಿನಕಾಯಿ ಬೆಂಗಳೂರಿಗೆ ಹೋಗುವ ನಿಯಮ ಬೇರೆ, ಹೈದರಾಬಾದಿಗೆ ಹೋಗುವ ನಿಯಮ ಬೇರೆ. 2025ರ ಜುಲೈಯಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸುಗಳು ಬಂದಾಗ ಬೆಂಗಳೂರಿನ ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಫಲಕಗಳು ಕಾಣಿಸಿಕೊಂಡವು. ತನ್ನ ವ್ಯಾಪಾರದ ಲೆಕ್ಕ ತನಗಿಂತ ಮೊದಲು ಬೇರೆಯವರಿಗೆ ತಿಳಿಯಿತೆಂಬ ಅಂಜಿಕೆ ಆ ಫಲಕಗಳಲ್ಲಿತ್ತು. ಅದನ್ನು ಬರಿಯ ತೆರಿಗೆಗಳ್ಳತನವೆಂದು ಓದಿದವರು ಅವಸರ ಮಾಡಿದರು.

ಎರಡು ದಿನಗಳ ಗೋಷ್ಠಿಗಳಲ್ಲಿ ಪ್ರಬಂಧ ಮಂಡಿಸಲಿರುವ ಯುವ ಸಂಶೋಧಕರ ಮುಂದೆ ಆದ್ದರಿಂದ ಒಂದೇ ವಿನಂತಿ ಇದೆ. ಕ್ಷೇತ್ರಕಾರ್ಯದ ಪ್ರಶ್ನಾವಳಿಯಲ್ಲಿ 'ತಾವು ಯಾವ ವೇದಿಕೆಯಲ್ಲಿ ನೋಂದಾಯಿಸಿಕೊಂಡಿದ್ದೀರಿ' ಎಂಬ ಸಾಲಿಗೆ ಮೊದಲು ಇನ್ನು ಮೂರು ಸಾಲು ಸೇರಿಸಬೇಕು: ಕಳೆದ ವರ್ಷ ಕೊಂಡವರಲ್ಲಿ ಎಷ್ಟು ಮಂದಿ ಈ ವರ್ಷ ಮತ್ತೆ ಕೇಳಿದರು, ಅವರ ಹೆಸರು ಎಲ್ಲಿ ಬರೆದಿದೆ, ಅವರಲ್ಲಿ ಮೊದಲ ಸಲ ಕೊಳ್ಳುವ ಮುನ್ನ ನಂಟರೂ ಅಲ್ಲದ, ಊರಿನವರೂ ಅಲ್ಲದ, ಜಾತಿಯವರೂ ಅಲ್ಲದವರು ಎಷ್ಟು ಮಂದಿ. ಮೂರನೆಯ ಪ್ರಶ್ನೆಯನ್ನು ಕೇಳಲು ಸಂಕೋಚವಾಗುತ್ತದೆ, ಉತ್ತರಿಸುವವರಿಗೂ ಆಗುತ್ತದೆ. ಆದರೂ ಪಡಸಾಲೆಯಲ್ಲಿ ಕುಳಿತು, ಕೊಟ್ಟ ಮಜ್ಜಿಗೆ ಕುಡಿದು, ಅವಸರಪಡದೆ ಕೇಳಿ ಬರೆದುಕೊಂಡು ಬನ್ನಿ.