ಮಸಿ ಮುಟ್ಟದ ಲೇಖನಿ

ಹಳೆಯ ಮನೆಗಳನ್ನು ಕೆಡಹುವಾಗ ಅಟ್ಟದಿಂದಲೋ ಗೋಡೆಯ ಗೂಡಿನಿಂದಲೋ ಒಮ್ಮೊಮ್ಮೆ ಒಂದು ವಿಚಿತ್ರ ಸಲಕರಣೆ ಹೊರಬೀಳುವುದುಂಟು. ಗೇಣುದ್ದದ ಕಬ್ಬಿಣದ ಕಡ್ಡಿ. ಒಂದು ತುದಿ ಮೊನಚು, ಇನ್ನೊಂದು ತುದಿ ಚಪ್ಪಟೆಯಾದ ಅಲಗು. ಗೋಣಿ ಹೊಲಿಯುವ ದಬ್ಬಳವೆಂದು ಒಬ್ಬರು, ನಾಟಿವೈದ್ಯರ ಶಸ್ತ್ರವೆಂದು ಮತ್ತೊಬ್ಬರು ಹೇಳುತ್ತಾರೆ. ಅಷ್ಟರಲ್ಲಿ ಅದು ಗುಜರಿಯವನ ತಕ್ಕಡಿಯನ್ನೇರಿರುತ್ತದೆ.

ಶ್ರೋತೃಗಳೇ, ಉಪಕರಣವೊಂದರ ಉದ್ದೇಶವನ್ನು ಅರಿಯಬೇಕಾದರೆ ಅದನ್ನೇ ವಿಚಾರಿಸಬೇಕು. ದಬ್ಬಳವಾಗಿದ್ದರೆ ದಾರ ಪೋಣಿಸಲು ಕಣ್ಣಿರಬೇಕಿತ್ತು, ಇಲ್ಲಿ ಅದಿಲ್ಲ. ಅಲಗೋ, ಮಾಂಸವನ್ನಾಗಲಿ ಮರವನ್ನಾಗಲಿ ಕೊಯ್ಯುವಷ್ಟು ಬಲವಾದುದಲ್ಲ. ಗೀರಲು ಒಂದು ತುದಿ, ತೆಳುವಾದುದೇನನ್ನೋ ಕತ್ತರಿಸಲು ಇನ್ನೊಂದು. ಇದು ಕಂಟ, ಓಲೆಗರಿಯ ಮೇಲೆ ಬರೆಯುವ ಲೇಖನಿ. ಮಸಿಯ ಕಲೆಯೇ ಇಲ್ಲದುದರಿಂದ ಲೇಖನಿಯೆಂಬ ಊಹೆ ಯಾರಿಗೂ ಬರುವುದಿಲ್ಲ.

ತಾಳೆ ಅಥವಾ ಶ್ರೀತಾಳೆಯ ಗರಿಗಳನ್ನು ಬೇಯಿಸಿ, ಒಣಗಿಸಿ, ತಿಕ್ಕಿ ನುಣುಪುಗೊಳಿಸುತ್ತಿದ್ದರು. ಅಲಗು ಅವುಗಳ ಅಂಚನ್ನು ಸವರಿ ಒಪ್ಪಮಾಡುತ್ತಿತ್ತು. ಬರೆಯುವಾಗ ಗರಿ ಎಡಗೈಯಲ್ಲಿ, ಕಂಟ ಬಲಮುಷ್ಟಿಯಲ್ಲಿ. ನಮ್ಮ ಬರವಣಿಗೆಯಂತೆ ಬಲಗೈ ಸಾಲಿನುದ್ದಕ್ಕೂ ಓಡುತ್ತಿರಲಿಲ್ಲ. ಎಡ ಹೆಬ್ಬೆರಳು ಮೊನೆಗೆ ಆಸರೆಯಾಗಿರಲು, ಗರಿಯೇ ಮೆಲ್ಲಮೆಲ್ಲನೆ ಸರಿಯುತ್ತಿತ್ತು. ಹೆಬ್ಬೆರಳಿನ ಉಗುರಿನಲ್ಲಿ ಕಚ್ಚು ಮಾಡಿಕೊಂಡು ಕಂಟವನ್ನು ಅಲ್ಲಿ ಆನಿಸುತ್ತಿದ್ದ ಲಿಪಿಕಾರರೂ ಇದ್ದರು. ಹೀಗೆ ಮೂಡಿದ್ದು ಬಣ್ಣವಿಲ್ಲದ ಗೀರು ಮಾತ್ರ. ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರೆಸಿದರೆ, ಮಸಿ ಗೀರುಗಳಲ್ಲಿ ನಿಂತು ಅಕ್ಷರಗಳು ಎದ್ದು ತೋರುತ್ತಿದ್ದವು. ನಮ್ಮ ಲಿಪಿ ದುಂಡಗಾದುದು ಗರಿ ಸೀಳದಿರಲೆಂದೇ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಅದನ್ನು ಪೂರ್ಣವಾಗಿ ನಂಬಲು ನನ್ನ ಮನಸ್ಸು ಒಪ್ಪದು.

ಗರಿ ಚಿರಾಯುವಲ್ಲ, ಹುಳು ತಿನ್ನುತ್ತದೆ, ಮುರಿಯುತ್ತದೆ. ಆದುದರಿಂದ ಗ್ರಂಥವೊಂದು ಉಳಿಯಬೇಕಾದರೆ ಮತ್ತೆಮತ್ತೆ ಪ್ರತಿಮಾಡುವ ಕೈ ಬೇಕಾಗಿತ್ತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವು ಗ್ರಂಥಲಿಪಿಯ ಓಲೆಗಳಲ್ಲಿತ್ತು. ಅದನ್ನು ಗೀರಿದ ಕಂಟ ಎಲ್ಲಿ ಹೋಯಿತೋ.

ಇಂಥ ಕಡ್ಡಿ ಸಿಕ್ಕರೆ ತುಕ್ಕು ಉಜ್ಜಲು ಅವಸರಪಡಬೇಡಿ. ಮೊದಲು ಅದೇ ಅಟ್ಟವನ್ನು ಇನ್ನೊಮ್ಮೆ ಹುಡುಕಿ. ತೂತುಳ್ಳ ಉದ್ದನೆಯ ಜೋಡಿ ಹಲಗೆಗಳು ಕಂಡರೆ ಅವು ಓಲೆಕಟ್ಟಿನ ರಕ್ಷೆಗಳಾಗಿರಬಹುದು. ಅವುಗಳ ನಡುವಣ ಗರಿಗಳಲ್ಲಿ ಏನೂ ಕಾಣದಿದ್ದರೆ, ಬರಿಯ ಗರಿಯೆಂದು ಒಲೆಗೆ ಹಾಕುವ ಮುನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಸಿ ಸವರದ, ಇಲ್ಲವೆ ಸವರಿದ ಮಸಿ ಅಳಿಸಿಹೋದ ಗೀರುಗಳು ಅಲ್ಲಿರಬಹುದು.