ಕೈಹಿಡಿದು ಶಾಲೆಗೆ ಕರೆತನ್ನಿರಿ



ಗೌನಿಪಲ್ಲಿಯ ಸೀಮೆ ಮಾವಿನ ಸೀಮೆ. ಎಳೆಯ ಸಸಿ ವಾಲಿದರೆ ರೈತನು ಆಸರೆಗೆ ಕೋಲು ನೆಟ್ಟು ಕಟ್ಟುತ್ತಾನೆ. ಸಸಿಗೆ ದಾನ ಕೊಟ್ಟೆನೆಂದು ಹೇಳಿಕೊಂಡು ತಿರುಗುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ನಮಗೆ ಈ ವಿವೇಕ ತಪ್ಪುತ್ತದೆ. ಕಣ್ಣು ಕಾಣದ, ಕಿವಿ ಕೇಳದ, ಬುದ್ಧಿ ನಿಧಾನವಾದ ಕೂಸು ಹುಟ್ಟಿದರೆ ಪೂರ್ವಜನ್ಮದ ಕರ್ಮವೆಂದು ನಿಟ್ಟುಸಿರು ಬಿಡುತ್ತೇವೆ. ನೆಂಟರು ಬಂದರೆ ಒಳಮನೆಗೆ ಕಳಿಸುತ್ತೇವೆ. ಆ ಕೂಸಿನ ಎದೆಯಲ್ಲಿರುವ ಶಿವನಿಗೆ ಊನವುಂಟೇ?

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಹಾನಗಲ್ಲ ಕುಮಾರಸ್ವಾಮಿಗಳು ಒಬ್ಬ ಅಂಧ ಬಾಲಕನಿಗೆ ಬರೀ ಅನ್ನ ಹಾಕಿ ಕೂರಿಸಿದ್ದರೆ ನಾಡಿಗೆ ಪಂಚಾಕ್ಷರ ಗವಾಯಿಗಳು ದೊರೆಯುತ್ತಿರಲಿಲ್ಲ. ಅವರು ಸಂಗೀತ ವಿದ್ಯೆ ಕೊಡಿಸಿದರು. ಆ ಗವಾಯಿಗಳು ಕಲಿಸಿದ ಇನ್ನೊಬ್ಬ ಅಂಧ ಬಾಲಕರೇ ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿದ ಅವರು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಕಣ್ಣಿಲ್ಲದ ಮಕ್ಕಳಿಗೆ ಗುರುವಾದರು.

ಎಲ್ಲ ಮಕ್ಕಳೂ ಗದಗಿಗೆ ಹೋಗಲಾಗದು. ಊರ ಸರಕಾರಿ ಶಾಲೆಯೇ ಅವರಿಗೆ ಆಶ್ರಮವಾಗಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದನ್ನೇ ಹೇಳುತ್ತದೆ. ಶೇಕಡಾ 40 ಅಥವಾ ಅದಕ್ಕೂ ಹೆಚ್ಚಿನ ನ್ಯೂನತೆಯುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಅದರ ಹಕ್ಕು. ತಾಲ್ಲೂಕಿನಲ್ಲಿ ಇಂಥ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆಯುಂಟು. ಹಾಸಿಗೆ ಬಿಟ್ಟೇಳಲಾರದ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ಏರ್ಪಾಡೂ ಉಂಟು.

ಆದರೆ ಆ ಶಿಕ್ಷಕರು ಹಲವು ಶಾಲೆಗಳನ್ನು ಸುತ್ತಬೇಕು. ಅವರು ಬಾರದ ದಿನಗಳಲ್ಲಿ ಮಗುವಿನ ಗತಿಯೇನು? ಹಾಜರಿ ಪುಸ್ತಕದಲ್ಲಿ ಹೆಸರಿದ್ದು, ಮಗು ಹಿಂದಿನ ಮೂಲೆಯಲ್ಲಿ ಸುಮ್ಮನೆ ಕುಳಿತರೆ ಅದು ವಿದ್ಯೆಯಲ್ಲ. ನಿಮ್ಮದು ಆಂಧ್ರದ ಗಡಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮಗು ತಡವರಿಸಿದರೆ ಭಾಷೆ ಬಾರದೆಂದು ಎಲ್ಲರೂ ಸುಮ್ಮನಾಗುತ್ತಾರೆ; ಕಿವಿ ಮಂದವಾಗಿರುವುದು ಗೊತ್ತಾಗುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಮೊದಲು ಕಿವಿ, ಕಣ್ಣು ತೋರಿಸಿರಿ. ಮಾಸ್ತರರೇ, ಆ ಮಗುವನ್ನು ಮುಂದಿನ ಸಾಲಿಗೆ ಕರೆಯಿರಿ, ಮುಖಕ್ಕೆ ಮುಖ ಕೊಟ್ಟು ಮಾತನಾಡಿರಿ. ಮಕ್ಕಳೇ, ಅದನ್ನು ಆಟಕ್ಕೆ ಸೇರಿಸಿಕೊಳ್ಳಿರಿ.

ನಾಳೆ ಶಾಲೆಯ ಗಂಟೆ ಬಾರಿಸಿದಾಗ ನಿಮ್ಮ ಬೀದಿಯಲ್ಲಿ ಯಾವ ಕೂಸು ಹೊಸ್ತಿಲಲ್ಲೇ ಉಳಿದಿದೆಯೆಂದು ನೋಡಿರಿ. ಕೈಹಿಡಿದು ಕರೆದೊಯ್ಯಿರಿ, ನಡೆಯಲಾರದಿದ್ದರೆ ಹೊತ್ತೊಯ್ಯಿರಿ. ಒಂದು ದಿನವಲ್ಲ, ದಿನದಿನವೂ. ಇದೂ ದಾಸೋಹವೇ.